ಹಾಲು ಕುಡಿಯುವ ಮಗುವಿಗೂ ರಕ್ತ ಕಡಿಮೆಯೇ?

ರಕ್ತಹೀನತೆ ಗೋವಂಡಿ, ಮಾನ್‌ಖುರ್ದ್, ಧಾರಾವಿಯ ಗಲ್ಲಿಗಳ ಸಂಕಟ, ಮುಲುಂಡ್ ಬೊರಿವಲಿಯ ಫ್ಲ್ಯಾಟುಗಳಲ್ಲಿ ದುಂಡುದುಂಡಗೆ ಬೆಳೆಯುವ ಮಕ್ಕಳದ್ದಲ್ಲ ಎಂಬ ನಂಬಿಕೆ ಮುಂಬಯಿಯಲ್ಲಿ ಗಟ್ಟಿಯಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆಯದನ್ನೇ ಹೇಳುತ್ತದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಮಹಾರಾಷ್ಟ್ರದಲ್ಲಿ ಶೇ. 68.9, ಕರ್ನಾಟಕದಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ದೇಶದ ಅತಿ ಸಿರಿವಂತ ವರ್ಗದ ಮನೆಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಈ ಪಟ್ಟಿಯಲ್ಲಿದ್ದಾರೆ. ಬೆರಳು ಚುಚ್ಚಿ ತೆಗೆದ ಹನಿಯ ಲೆಕ್ಕ ಇದು, ಉತ್ಪ್ರೇಕ್ಷೆ ಇರಬಹುದು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳೂ ಇದೆ. ರಕ್ತನಾಳದಿಂದಲೇ ರಕ್ತ ತೆಗೆದು ಪರೀಕ್ಷಿಸಿದ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಪ್ರಮಾಣ ಶೇ. 41ರ ಆಸುಪಾಸಿಗೆ ಇಳಿಯಿತು. ಇಳಿದರೂ ಐವರಲ್ಲಿ ಇಬ್ಬರು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಆ ಸಮೀಕ್ಷೆಯಲ್ಲಿ ಕಬ್ಬಿಣದ ಕೊರತೆ ಹಳ್ಳಿಗಿಂತ ಪಟ್ಟಣದ ಮಕ್ಕಳಲ್ಲೇ ಹೆಚ್ಚಾಗಿ ಕಂಡಿತು.

ಉಳ್ಳವರ ಮನೆಯಲ್ಲಿ ಹೀಗಾಗಲು ನನ್ನ ಅನುಮಾನ ಮೊದಲು ಬೀಳುವುದು ಹಾಲಿನ ಲೋಟದ ಮೇಲೆ. ಹಾಲು ಪೂರ್ಣಾಹಾರ ಎಂಬ ಮಾತನ್ನು ನಾವು ಪ್ರಶ್ನಿಸುವುದೇ ಇಲ್ಲ. ಆದರೆ ಒಂದು ಲೀಟರ್ ಹಸುವಿನ ಹಾಲಿನಲ್ಲಿರುವ ಕಬ್ಬಿಣ ಸುಮಾರು ಅರ್ಧ ಮಿಲಿಗ್ರಾಂ. ಒಂದರಿಂದ ಮೂರು ವರ್ಷದ ಮಗುವಿಗೆ ಐಸಿಎಂಆರ್ ಹೇಳುವ ದಿನದ ಪ್ರಮಾಣ 8 ಮಿಲಿಗ್ರಾಂ. ಸಾಲದ್ದಕ್ಕೆ ಹಾಲಿನ ಕ್ಯಾಲ್ಸಿಯಂ ಮತ್ತು ಕೇಸಿನ್ ಬೇರೆ ಆಹಾರದ ಕಬ್ಬಿಣವನ್ನೂ ಕರುಳು ಹೀರದಂತೆ ತಡೆಯುತ್ತವೆ. ವರ್ಷ ತುಂಬದ ಕೂಸಿಗೆ ಹಸುವಿನ ಹಾಲೇ ಮುಖ್ಯ ಆಹಾರವಾದರೆ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದೂ ಉಂಟು. ತಾಯಿಯ ಹಾಲಿನಲ್ಲೂ ಕಬ್ಬಿಣ ಕಡಿಮೆಯೇ, ಹೀರಿಕೆ ಮಾತ್ರ ಚೆನ್ನ. ಬಸುರಿನ ಕೊನೆಯ ತಿಂಗಳುಗಳಲ್ಲಿ ಕೂಡಿಟ್ಟ ದಾಸ್ತಾನು ಆರು ತಿಂಗಳ ಹೊತ್ತಿಗೆ ಮುಗಿಯುತ್ತದೆ. ಆಗಲೇ ಗಟ್ಟಿ ಊಟ ಶುರುವಾಗಬೇಕು. ಆ ಹೊತ್ತಿಗೆ ಬಾಟಲಿ ಹಾಲು, ಹಾಲಲ್ಲಿ ಅದ್ದಿದ ಬಿಸ್ಕತ್ತು, ಬಿಳಿ ಅನ್ನ ಹೊಟ್ಟೆ ತುಂಬಿಸಿಬಿಟ್ಟರೆ ಮಗು ತೂಕ ಗಳಿಸುತ್ತದೆ, ರಕ್ತ ಗಳಿಸುವುದಿಲ್ಲ. ವರ್ಷದ ಮೇಲೆ ದಿನಕ್ಕೆ ಅರ್ಧ ಲೀಟರ್ ಹಾಲು ಮೀರಬಾರದೆಂದು ವೈದ್ಯರು ಹೇಳುವುದು ಇದಕ್ಕೇ.

ಹಾಗಾದರೆ ಬೀಟ್‌ರೂಟ್, ಬೆಲ್ಲ? ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ನಂಟಿಲ್ಲ. ನೂರು ಗ್ರಾಮಿಗೆ ಒಂದು ಮಿಲಿಗ್ರಾಂ ಕಬ್ಬಿಣವೂ ಅದರಲ್ಲಿಲ್ಲ. ಬೆಲ್ಲದ್ದು ಹೆಚ್ಚು, ಆದರೆ ಒಂದು ಚಮಚಕ್ಕೆ ಕಾಲು ಮಿಲಿಗ್ರಾಂ ದಾಟದು. ಮೊಳಕೆ ಬರಿಸಿದ ಕಾಳು, ನಿಂಬೆರಸ ಹಿಂಡಿದ ಬೇಳೆ, ತಿನ್ನುವವರ ಮನೆಯಲ್ಲಿ ಸ್ವಲ್ಪ ಕಲೀಜಾ ಇದಕ್ಕಿಂತ ಎಷ್ಟೋ ಮೇಲು. ಊಟದ ಜೊತೆ ಚಹಾ ಕೊಡುವ ಚಾಳಿ ಮಾತ್ರ ಬಿಡಲೇಬೇಕು, ಅದರ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಡುತ್ತದೆ.

ಬಡತನಕ್ಕೆ ಸಂಬಂಧವೇ ಇಲ್ಲವೆಂದು ಇದರ ಅರ್ಥವಲ್ಲ. ತಾಯಿಗೇ ರಕ್ತಹೀನತೆ, ಕಡಿಮೆ ತೂಕದ ಜನನ, ಹುಳುಬಾಧೆ, ಪದೇಪದೇ ಭೇದಿ ಜ್ವರ: ಇವು ಕಿಷ್ಕಿಂಧೆಯಂಥ ವಸತಿಗಳಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅದಕ್ಕಾಗಿಯೇ 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಐದು ವರ್ಷದೊಳಗಿನವರಿಗೆ ವಾರಕ್ಕೆ ಎರಡು ಸಲ 20 ಮಿಲಿಗ್ರಾಂ ಕಬ್ಬಿಣದ ಸಿರಪ್ಪನ್ನು ಇಟ್ಟುಕೊಂಡಿದೆ. ಅದು ಉಷ್ಣ, ಮಲ ಕಪ್ಪಾಗುತ್ತದೆ ಎಂದು ಬಾಟಲಿಯನ್ನು ಮೂಲೆಗಿಡುವವರಿದ್ದಾರೆ. ಮಲ ಕಪ್ಪಾಗುವುದು ಹೀರದೆ ಉಳಿದ ಕಬ್ಬಿಣದಿಂದ, ಅಪಾಯವಿಲ್ಲ. ಸಿರಪ್ಪನ್ನು ಹಾಲಿನೊಂದಿಗೆ ಕೊಡಬಾರದು, ಅಷ್ಟೆ. ಆದರೆ ಎಲ್ಲ ರಕ್ತಹೀನತೆಗೂ ಕಬ್ಬಿಣವೇ ಮದ್ದು ಎಂಬುದೂ ತಪ್ಪು ಕಲ್ಪನೆಯೇ. ಸಿಂಧಿ, ಲೋಹಾಣಾ, ಕಚ್ಛೀ ಸಮುದಾಯಗಳು ದೊಡ್ಡದಾಗಿರುವ ಈ ನಗರದಲ್ಲಿ ಆನುವಂಶಿಕ ರಕ್ತದೋಷವಾದ ಥಲಸ್ಸೇಮಿಯಾದ ವಾಹಕರು ಅಪರೂಪವಲ್ಲ. ಒಂದು ತಿಂಗಳು ಸರಿಯಾಗಿ ಸಿರಪ್ ಕೊಟ್ಟರೂ ಹಿಮೋಗ್ಲೋಬಿನ್ ಏರದಿದ್ದರೆ ಟಾನಿಕ್ ಬದಲಿಸುವ ಬದಲು ಆ ವಾಹಕತೆಯನ್ನು ಪತ್ತೆಹಚ್ಚುವ ಎಚ್‌ಬಿಎ2 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು.