ಹೊಟ್ಟೆ ಹೇಳುವ ಸುದ್ದಿ: ಹಸುಗೂಸಿನಿಂದ ಮುಪ್ಪಿನವರೆಗೆ



ಎತ್ತು ಮೇವು ಬಿಟ್ಟು ನಿಂತರೆ ನೀವು ಮೊದಲು ನೋಡುವುದು ಅದರ ಎಡಹೊಟ್ಟೆಯನ್ನು. ಸೊಂಟದ ಮೂಳೆಯ ಮುಂದಿನ ಗುಳಿ ತುಂಬಿ ಉಬ್ಬಿದೆಯೆ ಎಂದು ನೋಡುತ್ತೀರಿ, ಬೆರಳಿನಿಂದ ತಟ್ಟುತ್ತೀರಿ, ತಮಟೆಯಂತೆ ಸದ್ದು ಬಂದರೆ ಹೊಟ್ಟೆಯುಬ್ಬರವೆಂದು ತಿಳಿದು ಆಗಲೇ ಪಶುವೈದ್ಯರಿಗೆ ಹೇಳಿಕಳುಹಿಸುತ್ತೀರಿ. ಆದರೆ ಮನೆಯ ಮಂದಿಗೆ ಹೊಟ್ಟೆನೋವು ಬಂದಾಗ “ವಾಯು ಇರಬೇಕು, ಬೆಳಗಾದರೆ ಹೋದೀತು” ಎಂದು ಕಾಯುತ್ತೇವೆ. ಬಹಳ ನೋವುಗಳು ಹಾಗೆ ಹೋಗುವುದೂ ನಿಜ. ಹೋಗದೆ ಉಳಿಯುವ ನೋವು ಯಾವುದೆಂದು ತಿಳಿಯುವುದು ಹೇಗೆ?

ನಾನು ವೈದ್ಯನಲ್ಲ, ಬೀಜ, ಗೊಬ್ಬರದ ಮಾತು ಹೇಳುವವನು. ಆದರೂ ಆರೋಗ್ಯ ಕೇಂದ್ರದ ದಾದಿಯರು ಹೊಟ್ಟೆಯನ್ನು ಪರೀಕ್ಷಿಸುವ ಕ್ರಮವನ್ನು ನಾವೆಲ್ಲ ತಿಳಿದಿರುವುದು ಒಳ್ಳೆಯದು. ಅವರಿಗೆ ಬೇಕಾದ ಸುದ್ದಿಯನ್ನು ಸರಿಯಾಗಿ ಹೇಳಬಹುದು. ತಡಮಾಡಬಾರದ ಹೊತ್ತಿನಲ್ಲಿ ತಡಮಾಡುವುದೂ ತಪ್ಪುತ್ತದೆ.

ಪರೀಕ್ಷೆಯ ಕ್ರಮ

ಮೊದಲು ಮೂತ್ರ ಮಾಡಿ ಬರಹೇಳುತ್ತಾರೆ. ಅಂಗಾತ ಮಲಗಿಸಿ ಮಂಡಿ ಮಡಿಸಿಸುತ್ತಾರೆ. ಆಗ ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ. ಆಮೇಲೆ ನಾಲ್ಕು ಕೆಲಸ: ನೋಡುವುದು, ಕೇಳುವುದು, ತಟ್ಟುವುದು, ಮುಟ್ಟುವುದು. ಮುಟ್ಟಿ ಒತ್ತಿದರೆ ಕರುಳಿನ ಸದ್ದು ಬದಲಾಗುವುದರಿಂದ ಕೇಳುವ ಕೆಲಸ ಮೊದಲು. ನೋವಿರುವ ಜಾಗವನ್ನು ಕೊನೆಗೆ ಮುಟ್ಟುತ್ತಾರೆ. ಮೊದಲೇ ಅಲ್ಲಿ ಒತ್ತಿದರೆ ರೋಗಿ ಬಿಗಿಹಿಡಿಯುತ್ತಾನೆ, ಬೇರೇನೂ ತಿಳಿಯದು.

ಹೊಕ್ಕುಳಿನ ಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆದರೆ ಹೊಟ್ಟೆ ನಾಲ್ಕು ಮಡಿಯಾಗುತ್ತದೆ. ಬಲ ಮೇಲ್ಭಾಗದಲ್ಲಿ ಯಕೃತ್ತು ಮತ್ತು ಪಿತ್ತಕೋಶ, ಎಡ ಮೇಲ್ಭಾಗದಲ್ಲಿ ಜಠರ ಮತ್ತು ಗುಲ್ಮ, ಬಲ ಕೆಳಭಾಗದಲ್ಲಿ ಅಪೆಂಡಿಕ್ಸ್, ಎಡ ಕೆಳಭಾಗದಲ್ಲಿ ದೊಡ್ಡ ಕರುಳಿನ ಕೊನೆಯ ಭಾಗ. ಆದುದರಿಂದಲೇ “ಎಲ್ಲಿ ನೋವು? ಬೆರಳಿಟ್ಟು ತೋರಿಸಿ” ಎಂದು ಕೇಳುವುದು.

ಹಸುಗೂಸು

ಕೂಸಿನ ಹೊಟ್ಟೆ ಗುಂಡಗಿದ್ದು ಉಸಿರಿನೊಂದಿಗೆ ಏರಿಳಿಯುವುದು ಸಹಜ. ಹೊಕ್ಕುಳಬಳ್ಳಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ. ಅದಕ್ಕೆ ಎಣ್ಣೆ, ಅರಿಸಿನ, ಬೂದಿ, ಸಗಣಿ ಯಾವುದನ್ನೂ ಹಚ್ಚಕೂಡದು. ಒಣಗಿದಂತೆ, ಚೊಕ್ಕಟವಾಗಿ ಇಟ್ಟರೆ ಸಾಕು. ಸುತ್ತಲೂ ಕೆಂಪಾದರೆ, ಕೀವು ಅಥವಾ ದುರ್ವಾಸನೆ ಬಂದರೆ ಅಂದೇ ತೋರಿಸಬೇಕು.

ಅಳುವಾಗ ಹೊಕ್ಕುಳು ಉಬ್ಬುವುದು ಬಹುತೇಕ ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನೇ ಸರಿಹೋಗುತ್ತದೆ. ಅದರ ಮೇಲೆ ನಾಣ್ಯವಿಟ್ಟು ಕಟ್ಟುವುದು ಬೇಡ. ಆದರೆ ಆ ಉಬ್ಬು ಗಟ್ಟಿಯಾಗಿ, ಒಳಗೆ ಹೋಗದೆ, ಕೂಸು ನೋವಿನಿಂದ ಅತ್ತರೆ ಕೂಡಲೆ ಹೊರಡಿ. ಹೊಟ್ಟೆನೋವಿಗೆ ಬರೆ ಹಾಕಿಸುವುದು ಚಿಕಿತ್ಸೆಯಲ್ಲ. ಎಳೆಯ ಚರ್ಮಕ್ಕೆ ಸುಟ್ಟ ಗಾಯ, ಅದರಿಂದ ನಂಜು, ಅಷ್ಟೇ ಫಲ.

ಕೂಸು ಹಸುರು ಬಣ್ಣದ ವಾಂತಿ ಮಾಡಿದರೆ ಕರುಳು ಕಟ್ಟಿರಬಹುದು. ಬಿಟ್ಟುಬಿಟ್ಟು ಕಿರುಚಿ ಅಳುತ್ತ ಕಾಲು ಮಡಚಿಕೊಂಡರೆ, ಮಲದಲ್ಲಿ ರಕ್ತ ಮತ್ತು ಲೋಳೆ ಕಂಡರೆ, ಕರುಳಿನೊಳಗೆ ಕರುಳು ಸೇರಿಕೊಂಡಿರಬಹುದು. ಇವೆರಡರಲ್ಲಿಯೂ ಒಂದು ರಾತ್ರಿ ಕಾಯುವುದೂ ಅಪಾಯ.

ಬೆಳೆಯುವ ಮಕ್ಕಳು

ನಡೆಯಲು ಕಲಿತ ಮಗುವಿಗೆ ಹೊಟ್ಟೆ ಸ್ವಲ್ಪ ಮುಂದೆ ಇರುವುದು ಸಹಜ. ಆದರೆ ಹೊಟ್ಟೆ ದಪ್ಪ, ಕೈಕಾಲು ಕಡ್ಡಿಯಾದರೆ ಆಹಾರದ ಕೊರತೆಯನ್ನೋ ಜಂತುಹುಳುವನ್ನೋ ಶಂಕಿಸಬೇಕು. 2015ರಿಂದ ನಡೆದುಬಂದಿರುವ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ ಮತ್ತು ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಅದನ್ನು ತಪ್ಪಿಸಬೇಡಿ.

ಬೇಧಿಯಾದಾಗ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಹೊಕ್ಕುಳಿಗೂ ಪಕ್ಕೆಗೂ ನಡುವೆ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಹಿಡಿದೆತ್ತಿ ಬಿಡಿ. ಕೂಡಲೆ ಮಟ್ಟಸವಾದರೆ ಸರಿ. ಮಡಿಕೆ ನಿಧಾನವಾಗಿ ಇಳಿದರೆ ಮೈಯ ನೀರು ಕಡಿಮೆಯಾಗಿದೆ. ಎರಡು ಸೆಕೆಂಡಿಗೂ ಹೆಚ್ಚು ಹಾಗೇ ನಿಂತರೆ ಬಹಳ ಕಡಿಮೆಯಾಗಿದೆ. ಕಣ್ಣು ಗುಳಿಬಿದ್ದು ಮಗು ಮಂಕಾಗಿದ್ದರೆ, ನೀರು ಕುಡಿಯಲಾರದಿದ್ದರೆ ಆಸ್ಪತ್ರೆಗೆ ಓಡಬೇಕು. ಬೇಧಿ ಶುರುವಾದಾಗಲೇ ಓ.ಆರ್.ಎಸ್. ಕೊಡಿ: ದೊಡ್ಡ ಪೊಟ್ಟಣವೊಂದನ್ನು ಪೂರ್ತಿಯಾಗಿ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಬೆರೆಸಬೇಕು. ಅದನ್ನು 24 ಗಂಟೆಯೊಳಗೆ ಮುಗಿಸಬೇಕು. ಎದೆಹಾಲು ನಿಲ್ಲಿಸಬೇಡಿ. ದಾದಿ ಕೊಟ್ಟ ಸತುವಿನ ಮಾತ್ರೆಯನ್ನು ಬೇಧಿ ನಿಂತರೂ 14 ದಿನ ಪೂರ್ತಿ ಕೊಡಿ.

ಹರೆಯದವರು, ದುಡಿಯುವವರು

ಅಪೆಂಡಿಕ್ಸಿನ ಉರಿಯೂತ ಯಾವ ವಯಸ್ಸಿನಲ್ಲೂ ಬರಬಹುದು, ಹರೆಯದವರಲ್ಲಿ ಹೆಚ್ಚು. ನೋವು ಹೊಕ್ಕುಳ ಬಳಿ ಹುಟ್ಟಿ, ಕೆಲವು ಗಂಟೆಗಳಲ್ಲಿ ಬಲಗಡೆಯ ಕೆಳಹೊಟ್ಟೆಗೆ ಇಳಿಯುತ್ತದೆ. ಊಟ ಸೇರದು; ವಾಂತಿ, ಸಣ್ಣ ಜ್ವರ ಬರಬಹುದು. ನಡೆದರೆ, ಕೆಮ್ಮಿದರೆ ನೋವು ಹೆಚ್ಚು. ಇಂಥ ನೋವಿಗೆ ಹರಳೆಣ್ಣೆ ಕುಡಿಸುವುದಾಗಲಿ, ಹೊಟ್ಟೆ ತಿಕ್ಕಿಸುವುದಾಗಲಿ ಕೂಡದು. ಒಳಗೆ ಒಡೆಯುವ ಭಯವಿದೆ. ನೋವು ಒಮ್ಮೆಲೆ ಇಳಿದರೂ ನಂಬಬೇಡಿ. ಒಡೆದಾಗಲೂ ಹಾಗೆ ಸ್ವಲ್ಪ ಹೊತ್ತು ಹಗುರವೆನಿಸಿ, ಬಳಿಕ ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ.

ಕೀಟನಾಶಕ ಸಿಂಪಡಿಸಿ ಬಂದವರಿಗೆ ಹೊಟ್ಟೆ ಕಿವುಚಿ ವಾಂತಿ, ಬೆವರು, ಜೊಲ್ಲು ಬಂದರೆ ಅದು ಔಷಧದ ವಿಷವಿರಬಹುದು. ಬಟ್ಟೆ ಕಳಚಿ, ಸೋಪುನೀರಿನಿಂದ ಮೈ ತೊಳೆದು, ಡಬ್ಬಿಯ ಚೀಟಿಯೊಂದಿಗೆ ಆಸ್ಪತ್ರೆಗೆ ಕರೆದೊಯ್ಯಿರಿ.

ತಾಯಂದಿರು

ಗರ್ಭಿಣಿಯ ಹೊಟ್ಟೆಯನ್ನು ದಾದಿ ಟೇಪಿನಿಂದ ಅಳೆಯುತ್ತಾರೆ. 12 ವಾರಕ್ಕೆ ಗರ್ಭಕೋಶ ಕೆಳಹೊಟ್ಟೆಯ ಮೂಳೆಯ ಮೇಲೆ ಕೈಗೆ ಸಿಗುತ್ತದೆ. 20 ವಾರಕ್ಕೆ ಹೊಕ್ಕುಳಿನ ಮಟ್ಟ. 36ಕ್ಕೆ ಎದೆಗೂಡಿನ ಹತ್ತಿರ. ನಡುವಿನ ತಿಂಗಳುಗಳಲ್ಲಿ ಎಷ್ಟು ವಾರವೋ ಸುಮಾರಾಗಿ ಅಷ್ಟೇ ಸೆಂಟಿಮೀಟರು. ಅಳತೆ ಹಿಂದೆ ಬಿದ್ದರೆ ಕೂಸು ಸರಿಯಾಗಿ ಬೆಳೆಯುತ್ತಿದೆಯೆ ಎಂದು ನೋಡಬೇಕಾಗುತ್ತದೆ. ಆದುದರಿಂದ ತಪಾಸಣೆಯ ದಿನ ಹೆಂಗಸರನ್ನು ಹೊಲದ ಕೆಲಸಕ್ಕೆ ಕರೆಯಬೇಡಿ.

ಮುಟ್ಟು ನಿಂತ ಹೆಂಗಸಿಗೆ ಕೆಳಹೊಟ್ಟೆ ನೋವಿನೊಡನೆ ತಲೆಸುತ್ತು ಬಂದರೆ ಗರ್ಭ ನಾಳದಲ್ಲಿ ನಿಂತಿರಬಹುದು. ತುಂಬು ಗರ್ಭಿಣಿಗೆ ಮೇಲುಹೊಟ್ಟೆ ನೋವು, ತಲೆನೋವು, ಕಣ್ಣು ಮಂಜು ಬಂದರೆ ರಕ್ತದ ಒತ್ತಡ ಏರಿರಬಹುದು. ಹೆರಿಗೆಯಾದ ಮೇಲೆ ಗರ್ಭಕೋಶ ಚೆಂಡಿನಂತೆ ಗಟ್ಟಿಯಾಗಿರಬೇಕು. ಮೆತ್ತಗಾಗಿ ರಕ್ತ ಹರಿದರೆ ನಿಮಿಷ ನಿಮಿಷವೂ ಜೀವದ ಲೆಕ್ಕ.

ಹಿರಿಯರು

ಮುಪ್ಪಿನಲ್ಲಿ ದೊಡ್ಡ ಕಾಯಿಲೆಯೂ ಸಣ್ಣ ನೋವಾಗಿ ಬರಬಹುದು, ಜ್ವರವೂ ಬರದಿರಬಹುದು. “ಅಜ್ಜ ಸುಮ್ಮನೆ ಮಲಗಿದ್ದಾನೆ” ಎಂದು ಸಮಾಧಾನಪಡಬೇಡಿ. ಮೇಲುಹೊಟ್ಟೆಯ ಉರಿ, ಬೆವರು, ಏದುಸಿರು ಒಟ್ಟಿಗೆ ಬಂದರೆ ಅದು ಹೃದಯಾಘಾತವೂ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇದನ್ನು ವಿಶೇಷವಾಗಿ ನೆನೆಯಬೇಕು. ಮುದುಕರಿಗೆ ಮೂತ್ರ ಕಟ್ಟಿ ಕೆಳಹೊಟ್ಟೆ ಉಬ್ಬುವುದುಂಟು. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ಕಂಡರೆ, ಕಾರಣವಿಲ್ಲದೆ ಮೈ ಇಳಿದರೆ ನಾಚದೆ ಹೇಳಬೇಕೆಂದು ಮನೆಯ ಹಿರಿಯರಿಗೆ ತಿಳಿಸಿ.

ಹೊರಡುವಾಗ ನೆನಪಿಡಿ

1. ನೋವು ಎಲ್ಲಿ, ಎಂದು ಹುಟ್ಟಿತು? ಈಗ ಎಲ್ಲಿದೆ?
2. ವಾಂತಿಯ ಬಣ್ಣವೇನು?
3. ಮಲ, ಮೂತ್ರ, ವಾಯು ಕೊನೆಗೆ ಹೋದದ್ದು ಯಾವಾಗ?
4. ಹೆಂಗಸಾದರೆ ಕಡೆಯ ಮುಟ್ಟು ಯಾವಾಗ?
5. ಯಾವ ಔಷಧ ಕೊಟ್ಟಿದ್ದೀರಿ? ನಾಟಿ ಔಷಧವನ್ನೂ ಮುಚ್ಚಿಡಬೇಡಿ.

ಹೊಟ್ಟೆ ಗಟ್ಟಿಯಾದರೆ, ಉಬ್ಬಿ ಮಲವಾಯು ನಿಂತರೆ, ಹಸುರು ಇಲ್ಲವೆ ರಕ್ತದ ವಾಂತಿಯಾದರೆ, ರೋಗಿ ಮೂರ್ಛೆ ಹೋದರೆ 108ಕ್ಕೆ ಫೋನು ಮಾಡಿ. ದಾರಿಯಲ್ಲಿ ಊಟ ಕೊಡಬೇಡಿ, ಶಸ್ತ್ರಕ್ರಿಯೆ ಬೇಕಾಗಬಹುದು. ಕುಯ್ಲು ಒಂದು ದಿನ ತಡವಾದರೆ ನೆರೆಯವರು ಕೈಗೂಡಿಸಿಯಾರು. ಆಸ್ಪತ್ರೆಗೆ ತಡವಾದ ದಿನವನ್ನು ಯಾರೂ ತಂದುಕೊಡಲಾರರು.