ಹಣ್ಣು ತಿನ್ನುವ ಪಾರಿವಾಳಗಳೆಲ್ಲ ಬೀಜ ಬಿತ್ತುವುದಿಲ್ಲ: ಮೇಘಮಲೆಯಿಂದ ಒಂದು ಟಿಪ್ಪಣಿ

ನಾನು ಮಾತಾಡ್ತಿರೋದು ಉತ್ತಮಪಾಳಯಂನಿಂದ. ಕಂಬಂ ಕಣಿವೆಯ ಈ ಭಾಗದಲ್ಲಿ ಮನೆಮಾತು ಕನ್ನಡವಾದ ಕುಟುಂಬಗಳು ಸಾಕಷ್ಟಿವೆ. ಕೆಳಗೆ ಮುಲ್ಲಪೆರಿಯಾರ್ ನೀರಿನ ಗದ್ದೆ, ದ್ರಾಕ್ಷಿ ತೋಟ. ಚಿನ್ನಮನೂರಿನಿಂದ ಘಾಟಿ ಹತ್ತಿದರೆ ಮೇಘಮಲೆಯ ಚಹಾ ತೋಟ, ಅದರ ನಡುವೆ ಮತ್ತು ಅಂಚಿನಲ್ಲಿ ನಿತ್ಯಹರಿದ್ವರ್ಣ ಕಾಡು. ಇವತ್ತಿನ ವಿಷಯ ಆ ಕಾಡಿನ ದೊಡ್ಡ ಪಾರಿವಾಳ, ಡುಕುಲಾ ಬೇಡಿಯಾ.

ಇದು 43ರಿಂದ 51 ಸೆಂಟಿಮೀಟರ್ ಉದ್ದದ ಹಕ್ಕಿ. ಎತ್ತರದ ಮರದ ತುದಿಯಲ್ಲೇ ಇರುವುದರಿಂದ ಕಾಣುವುದು ಕಡಿಮೆ, ಗಂಭೀರವಾದ ಹೂಂಕಾರ ಮಾತ್ರ ಕೇಳಿಸುತ್ತೆ. ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಇದರ ಕುಲದ ಹೆಚ್ಚಿನ ಬಂಧುಗಳು ಆಗ್ನೇಯ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ವಾಸಿಗಳು.

ಹಣ್ಣು ತಿನ್ನುವ ಹಕ್ಕಿ ಅಂದ ತಕ್ಷಣ ಬೀಜ ಪ್ರಸಾರಕ ಅಂತ ಬರೆದುಬಿಡ್ತೇವೆ. ಆದರೆ ಅದನ್ನು ತೀರ್ಮಾನಿಸುವುದು ಕೊಕ್ಕಲ್ಲ, ಜಠರ. ಆಲದ ಹಣ್ಣಿಗೆ ಮುತ್ತುವ ಹಸಿರು ಪಾರಿವಾಳದ ಜಠರದ ಸ್ನಾಯು ಗಟ್ಟಿ. ಅದು ಬೀಜವನ್ನೂ ಅರೆದುಬಿಡುತ್ತದೆ. ಡುಕುಲಾದ ಬಾಯಿ ಅಗಲಕ್ಕೆ ಹಿಗ್ಗುತ್ತದೆ, ಜಠರ ಮೆತ್ತಗಿದೆ. ಕಾಡು ಜಾಯಿಕಾಯಿಯಂಥ ದಪ್ಪ ಬೀಜವನ್ನು ಪತ್ರೆ ಸಮೇತ ನುಂಗಿ, ಪತ್ರೆಯನ್ನಷ್ಟೇ ಅರಗಿಸಿಕೊಂಡು, ಬೀಜವನ್ನು ಇಡಿಯಾಗಿ ಬೇರೆಡೆ ಉದುರಿಸುತ್ತದೆ. ಬಾಂದಾ ದ್ವೀಪಗಳ ಜಾಯಿಕಾಯಿ ಮರಗಳಲ್ಲಿ ಇದೇ ಕುಲದ ಹಕ್ಕಿ ಹೀಗೆ ಮಾಡುವುದನ್ನು ವ್ಯಾಲೇಸ್ 1869ರ ತಮ್ಮ ಪುಸ್ತಕದಲ್ಲೇ ದಾಖಲಿಸಿದ್ದಾರೆ.

ಇಂಥ ಹಕ್ಕಿ ಇಲ್ಲವಾದರೆ ಏನಾಗುತ್ತೆ? ಟೊಂಗಾ ದ್ವೀಪಗಳನ್ನು ನೋಡಿ. ಅಲ್ಲಿ ದೊಡ್ಡ ಹಣ್ಣು ನುಂಗುತ್ತಿದ್ದ ಟೊಂಗೊಈನಾಸ್ ಎಂಬ ಪಾರಿವಾಳ, ಸುಮಾರು 2850 ವರ್ಷಗಳ ಹಿಂದೆ ಮನುಷ್ಯರು ಬಂದು ನೆಲೆಸಿದ ಸ್ವಲ್ಪ ಕಾಲದಲ್ಲೇ ಅಳಿದುಹೋಯಿತು. ಮೂಳೆಗಳ ಆಧಾರದಲ್ಲಿ ಅದಕ್ಕೆ ಹೆಸರಿಟ್ಟದ್ದು 2020ರಲ್ಲಿ. ಮರಗಳು ಉಳಿದವು, ಅವುಗಳ ದಪ್ಪ ಬೀಜ ಹೊರುವ ದೊಡ್ಡ ಹಕ್ಕಿ ಹೋಯಿತು.

ಮೇಘಮಲೆ ಸಮುದ್ರದಲ್ಲಿಲ್ಲ, ನಿಜ. ಆದರೆ ಚಹಾ ತೋಟದ ನಡುವೆ ಉಳಿದ ಕಾಡಿನ ತುಣುಕು ಒಂದು ಬಗೆಯ ದ್ವೀಪವೇ. ದಪ್ಪ ಬೀಜವನ್ನು ಒಂದು ತುಣುಕಿನಿಂದ ಇನ್ನೊಂದಕ್ಕೆ ಒಯ್ಯಬಲ್ಲ ಹಕ್ಕಿಗಳು ಕೆಲವೇ: ಮಂಗಟ್ಟೆಗಳು ಮತ್ತು ಈ ಪಾರಿವಾಳ. ಅವು ಬರುವುದು ನಿಂತರೂ ತಾಯಿಮರ ಹತ್ತಾರು ವರ್ಷ ಹಸಿರಾಗೇ ನಿಂತಿರುತ್ತದೆ. ಹಾಗಾಗಿ ನಷ್ಟ ಕಣ್ಣಿಗೆ ಬೀಳುವುದಿಲ್ಲ.

2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಗಡಿ ಗುರುತಿಸಿದ್ದು ಒಳ್ಳೆಯದೇ. ಆದರೆ ನಾವು ವಿದ್ಯಾರ್ಥಿಗಳು ಹಕ್ಕಿಗಳನ್ನು ಎಣಿಸಿ ಸುಮ್ಮನಾಗಬಾರದು ಅನ್ನೋದು ನನ್ನ ವಾದ. ತಾಯಿಮರದಿಂದ ದೂರದಲ್ಲಿ, ತೋಟದ ನೆರಳುಮರಗಳ ಬುಡದಲ್ಲಿ ಜಾಯಿಕಾಯಿ ಬೀಜ ಬಿದ್ದಿದೆಯೇ, ಸಸಿ ಎದ್ದಿದೆಯೇ ಅಂತಲೂ ಎಣಿಸಬೇಕು. ಕಾಡು ಮುಂದುವರಿಯುತ್ತಿದೆಯೋ ಇಲ್ಲವೋ ತಿಳಿಯೋದು ಆ ಲೆಕ್ಕದಿಂದಲೇ. ಪ್ರಶ್ನೆಗಳಿದ್ದರೆ ಕೇಳಿ.