ಕಾರ್ಡು ದೇಶದ್ದು, ಮಾಸಾಶನ ರಾಜ್ಯದ್ದು

ವಡೋದರಾದ ಫತೇಗಂಜ್‌ಗೆ ಅಮ್ಮನ ಜೊತೆ ನನ್ನ ತಮ್ಮನೂ ಬಂದು ನೆಲೆಸಿದ ಮೇಲೆ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ: ಊರಲ್ಲಿ ಬರುತ್ತಿದ್ದ ಅಂಗವಿಕಲರ ಮಾಸಾಶನ ಇಲ್ಲೂ ಸಿಗುತ್ತದೆಯೇ? ಚಿಕ್ಕಂದಿನಿಂದ ಅವನ ಒಂದು ಕಾಲಿಗೆ ಬಲವಿಲ್ಲ, ಪ್ರಮಾಣಪತ್ರದಲ್ಲಿರುವುದು ಶೇ. 50. ಹೊರನಾಡಿಗೆ ಬಂದ ಹಲವು ಕನ್ನಡಿಗರ ಮನೆಯ ಪ್ರಶ್ನೆಯೂ ಇದೇ ಇರಬಹುದು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 58ನೇ ಸೆಕ್ಷನ್ ಪ್ರಕಾರ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆ ಇದೆ. ಮಾಸಾಶನದ ಕಥೆ ಬೇರೆ. 24ನೇ ಸೆಕ್ಷನ್ ಯೋಜನೆ ರೂಪಿಸುವ ಹೊಣೆಯನ್ನು ಆಯಾ ಸರ್ಕಾರಕ್ಕೆ, ಅದರ ಆರ್ಥಿಕ ಶಕ್ತಿಯ ಮಿತಿಯೊಳಗೆ, ವಹಿಸುತ್ತದೆ. ಆದ್ದರಿಂದ ಮೊತ್ತ, ಆದಾಯದ ಮಿತಿ, ವೈಕಲ್ಯದ ಪ್ರಮಾಣ ಎಲ್ಲವೂ ರಾಜ್ಯಕ್ಕೊಂದು ಥರ. ಕರ್ನಾಟಕ ಶೇ. 40ರಿಂದಲೇ ಮಾಸಾಶನ ಕೊಡುತ್ತದೆ. ಗಡಿ ದಾಟಿದವರು ವಾಸದ ದಾಖಲೆ ಹಿಡಿದು ಹೊಸ ರಾಜ್ಯದ ಯೋಜನೆಗೆ ಮೊದಲಿಂದ ಅರ್ಜಿ ಹಾಕಬೇಕು.

ಇತರರಿಗಿರುವ ಅಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ. 25 ಹೆಚ್ಚು ನೆರವು ಸಿಗಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಈಗ ಕೇಂದ್ರದ ಲೆಕ್ಕ ನೋಡಿ. ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಯಲ್ಲಿ 18ರಿಂದ 79 ವಯಸ್ಸಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ, ಅದೂ ಶೇ. 80 ವೈಕಲ್ಯವಿರುವ ಬಡವರಿಗೆ ಮಾತ್ರ. 79 ವರ್ಷದವರೆಗಿನ ವಿಧವಾ ಪಿಂಚಣಿಯಲ್ಲೂ ಕೇಂದ್ರ ಕೊಡುವುದು 300. ಶೇ. 25 ಹೆಚ್ಚು ಎಲ್ಲಿ ಹೋಯಿತು? ಶೇ. 50ರ ನನ್ನ ತಮ್ಮನಂಥವರು ಈ ಪಟ್ಟಿಯಲ್ಲೇ ಇಲ್ಲ.

ನಿಯಮ ಮಾಡುವ ಅಧಿಕಾರ ಕೇಂದ್ರಕ್ಕೆ 100ನೇ, ರಾಜ್ಯಕ್ಕೆ 101ನೇ ಸೆಕ್ಷನ್‌ನಿಂದ ಬಂದಿದೆ. ಅದಕ್ಕೆ ಕಡಿವಾಣವೂ ಇದೆ: ಕರಡನ್ನು ಮೊದಲೇ ಪ್ರಕಟಿಸಬೇಕು, ನಿಯಮವನ್ನು ಸದನದ ಮುಂದಿಡಬೇಕು. ಕಾಯ್ದೆಯನ್ನು ನಿಯಮ ತೆಳುಮಾಡುವಂತಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ಕಟ್ಟಡ, ಸಾರಿಗೆ ಎಲ್ಲರಿಗೂ ಎಟಕುವಂತಿರಬೇಕೆಂದು ಕಾಯ್ದೆ ಕಡ್ಡಾಯ ಮಾಡಿದ್ದರೆ, 2017ರ ನಿಯಮಗಳ 15ನೇ ನಿಯಮ ಅದನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿತ್ತು. ಕೋರ್ಟು ಅದನ್ನು ಒಪ್ಪಲಿಲ್ಲ. ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಎಂದಿತು.

ಮಾಸಾಶನದ ಯೋಜನೆಗಳಿಗೆ ಈ ಕಡಿವಾಣವೂ ಇಲ್ಲ. ಒಂದು ಸರ್ಕಾರಿ ಆದೇಶ ಸಾಕು, ಷರತ್ತು ಬದಲಾಗುತ್ತದೆ. ಕೆಲಸಕ್ಕಾಗಿ ರಾಜ್ಯ ಬಿಟ್ಟವರ ಮನೆಯಲ್ಲಿ ಅಂಗವಿಕಲರಿದ್ದರೆ ಹೊಸ ರಾಜ್ಯದ ನೆರವು ಶುರುವಾಗುವ ತನಕ ಹಳೆಯದು ನಿಲ್ಲಬಾರದು, ಇದನ್ನು ನಿಯಮದಲ್ಲೇ ಬರೆಯಬೇಕು. ಮುಂದಿನ ಕರಡು ಗೆಜೆಟ್‌ನಲ್ಲಿ ಬಂದಾಗ ಆಕ್ಷೇಪಣೆಗೆ ಕೊಟ್ಟ ದಿನಗಳೊಳಗೆ ಈ ಒಂದು ಮಾತನ್ನು ಬರೆದು ಕಳಿಸೋಣ. ನೀವು ಯಾವ ಊರಲ್ಲಿದ್ದರೂ ಸರಿ.